ನೆಲ ಮುಟ್ಟಿದ ಮೇಲಿನ ನಿಮಿಷ

ಜೈರೋ ಹಾರಿಸಲು ಕಲಿಯುವುದಕ್ಕೆಂದು ಆ ಬಯಲಿಗೆ ಬಂದವರೆಲ್ಲ ಪಾಠ ಹೇಳುವ ಅವಳನ್ನು ಬೆನ್ನ ಹಿಂದೆ ‘ತಡೀರಿ ಮೇಡಂ’ ಎನ್ನುತ್ತಿದ್ದರು. ಎದುರಿಗೇ ಬಾಯಿ ತಪ್ಪಿ ಅಂದದ್ದೂ ಉಂಟು. ಅವಳು ಕೇಳಿಸಿದರೂ ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದಳು. ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಜೈರೋ ಇಳಿದು, ಉರುಳಿ, ನಿಂತು, ಕಲಿಯುವವರು ಉಸ್ಸಪ್ಪಾ ಎಂದು ಬೆಲ್ಟಿಗೆ ಕೈ ಹಾಕುವ ಹೊತ್ತಿಗೆ ಸರಿಯಾಗಿ ಹಿಂದಿನ ಸೀಟಿನಿಂದ ಅವಳ ದನಿ ಬರುತ್ತಿತ್ತು: “ತಡೀರಿ. ಇನ್ನೂ ಮುಗಿದಿಲ್ಲ.”

ಜೈರೋಪ್ಲೇನು ನೋಡಲು ಹೆಲಿಕಾಪ್ಟರಿನ ಬಡಕಲು ತಮ್ಮನ ಹಾಗಿರುತ್ತದೆ. ಮೂರು ಚಕ್ರ, ಒಂದರ ಹಿಂದೊಂದು ಎರಡು ಸೀಟು, ತಲೆಯ ಮೇಲೆ ಎರಡು ಉದ್ದನೆಯ ಅಲಗು. ಆದರೆ ಹೆಲಿಕಾಪ್ಟರಿನಲ್ಲಿ ಅಲಗನ್ನು ತಿರುಗಿಸುವುದು ಇಂಜಿನ್ನು. ಇಲ್ಲಿ ಇಂಜಿನ್ನು ಬೆನ್ನ ಹಿಂದೆ ಕೂತು ಒಂದು ಫ್ಯಾನನ್ನು ತಿರುಗಿಸಿ ಗಾಡಿಯನ್ನು ಮುಂದಕ್ಕೆ ದೂಡುತ್ತದೆ, ಅಷ್ಟೇ ಅದರ ಕೆಲಸ. ಮುಂದೆ ಹೋದಂತೆ ಗಾಳಿ ಅಲಗಿನ ಕೆಳಗಿನಿಂದ ನುಗ್ಗಿ ಅದನ್ನು ತಾನೇ ತಿರುಗಿಸುತ್ತದೆ. ಹಾಗಾಗಿ ಆಕಾಶದಲ್ಲಿ ಇಂಜಿನ್ನು ನಿಂತುಹೋದರೂ ಜೈರೋ ಕಲ್ಲಿನ ಹಾಗೆ ಬೀಳುವುದಿಲ್ಲ, ಇಳಿಯುತ್ತದೆ. ಇಳಿದ ಮೇಲೆ ಮಾತ್ರ ತೊಂದರೆ. ಗಾಡಿ ನಿಂತರೂ ಅಲಗು ಒಂದೂವರೆ ನಿಮಿಷ ಗಿರ್ರೆಂದು ತಿರುಗುತ್ತಲೇ ಇರುತ್ತದೆ. “ನೀವು ನೆಲದ ಮೇಲಿದ್ದೀರಿ ಅಂತ ನಿಮಗೆ ಗೊತ್ತು. ಗಾಳಿಗೆ ಗೊತ್ತಿಲ್ಲ. ಅದಕ್ಕೆ ನೀವಿನ್ನೂ ಹಾರ್ತಾನೇ ಇದೀರಿ,” ಎಂದು ಅವಳು ಮೊದಲ ದಿನವೇ ಹೇಳುತ್ತಿದ್ದಳು. ಮೂತಿ ಗಾಳಿಗೆ ಎದುರಾಗಿರಲಿ, ಕೈಯಲ್ಲಿರುವ ಕೋಲನ್ನು ಗಾಳಿ ಬರುವ ಕಡೆಗೆ ಒತ್ತಿ ಹಿಡಿಯಿರಿ, ಅಲಗು ನಿಲ್ಲುವ ತನಕ ಕಮಕ್ ಕಿಮಕ್ ಅನ್ನಬೇಡಿ. ಪಾಠ ಇಷ್ಟೇ. ಇಪ್ಪತ್ತು ವರ್ಷದಿಂದ ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು.

ಈಗ ಅವಳಿಗೆ ಐವತ್ತೇಳು. ಜೈರೋಗಳ ಶೆಡ್ಡು ಅಣ್ಣನದು. ಅಪ್ಪ ಪಂಪಿನ ಮೋಟರುಗಳ ಕಾಯಿಲು ಸುತ್ತುತ್ತಿದ್ದವರು. ಮನೆಯ ಹಜಾರದಲ್ಲೇ ಅಂಗಡಿ. ಹಾಗಾಗಿ ಇಬ್ಬರು ಮಕ್ಕಳಿಗೂ ಗ್ರೀಸಿನ ವಾಸನೆ ಎದೆಹಾಲಿನ ಜೊತೆಗೇ ಬಂದದ್ದು. ಅಣ್ಣ ಮೂವತ್ತರ ಹುಮ್ಮಸ್ಸಿನಲ್ಲಿ ತಾನೇ ಒಂದು ಜೈರೋ ಕಟ್ಟಿದ. ಚೌಕಟ್ಟಿನ ಕೊಳವೆಗಳನ್ನು ಬೆಸುಗೆ ಹಾಕಿದವಳು ತಂಗಿ. ಅದು ಹಾರಿತು. ಆಮೇಲೆ ಇನ್ನೊಂದು, ಮತ್ತೊಂದು. ಈಗ ಶೆಡ್ಡಿನಲ್ಲಿ ಐದು ಗಾಡಿಗಳು, ಹೊರಗೆ ಉದ್ದನೆಯ ಟಾರು ರನ್‌ವೇ, ಕಂಬದ ತುದಿಯಲ್ಲಿ ಬಣ್ಣ ಹೋದ ಗಾಳಿಚೀಲ, ಒಳಗೆ ಒಂದು ಆಫೀಸು ಕೋಣೆ, ಅದರ ಗೋಡೆಯ ಮೇಲೆ ಅಣ್ಣ ಸೂಟು ಹಾಕಿಕೊಂಡು ಯಾರದೋ ಕೈ ಕುಲುಕುತ್ತಿರುವ ಫೋಟೋ. ತಂಗಿ ಬೆಳಿಗ್ಗೆ ಪಾಠ ಹೇಳುತ್ತಿದ್ದಳು, ಮಧ್ಯಾಹ್ನ ಚಕ್ರ, ಬ್ರೇಕು, ಚೌಕಟ್ಟು ಅಂತ ಗಾಡಿಯ ಕಾಲುಗಳ ಕೆಲಸ ಮಾಡುತ್ತಿದ್ದಳು, ಸಂಜೆ ಎರಡು ಬಸ್ಸು ಬದಲಾಯಿಸಿ ಮನೆಗೆ ಹೋಗುತ್ತಿದ್ದಳು. ಮನೆ ಮೂರನೇ ಮಹಡಿ. ಲಿಫ್ಟಿಲ್ಲ. ಎರಡನೇ ಮಹಡಿಯ ಮೆಟ್ಟಿಲ ತಿರುವಿನಲ್ಲಿ ಅವಳು ನಿಂತು ಸುಧಾರಿಸಿಕೊಳ್ಳುವುದನ್ನು ಎದುರು ಮನೆಯವರು ದಿನಾ ನೋಡುತ್ತಿದ್ದರು.

ಅಣ್ಣ ತಂಗಿಯರ ನಡುವೆ ಜಗಳ ಇದ್ದದ್ದು ಒಂದೇ ಒಂದು. ಅದು ಮುಂದಿನ ಚಕ್ರದ್ದು.

ಅಣ್ಣ ತನ್ನ ಗಾಡಿಗಳಲ್ಲಿ ಮುಂದಿನ ಚಕ್ರವನ್ನು ಸರಳುಗಳ ಮೂಲಕ ಕಾಲಿನ ಪೆಡಲಿಗೆ ಕಟ್ಟಿದ್ದ. ಬಾಲದ ಚುಕ್ಕಾಣಿಯೂ ಅದೇ ಪೆಡಲಿಗೆ. ನೆಲದ ಮೇಲೆ ಓಡಿಸಲು ಸುಲಭ. ಎಡಗಾಲು ಒತ್ತಿದರೆ ಎಡಕ್ಕೆ, ಬಲಗಾಲು ಒತ್ತಿದರೆ ಬಲಕ್ಕೆ. ಆದರೆ ಅಡ್ಡಗಾಳಿ ಬೀಸುವಾಗ ಇಳಿಯುವವರು ಮೂತಿಯನ್ನು ನೇರಕ್ಕೆ ಹಿಡಿಯಲು ಒಂದು ಪೆಡಲನ್ನು ಅರ್ಧ ಒತ್ತಿಯೇ ಇರಬೇಕು. ಗಾಳಿಯಲ್ಲಿ ಚಕ್ರ ಯಾವ ಕಡೆ ತಿರುಗಿದ್ದರೇನು? ನೆಲ ಮುಟ್ಟಿದ ಕೂಡಲೇ ಗೊತ್ತಾಗುತ್ತದೆ. ತಿರುಗಿದ ಚಕ್ರ ಟಾರು ಕಚ್ಚಿ ಗಾಡಿಯನ್ನು ಪಕ್ಕಕ್ಕೆಳೆಯುತ್ತದೆ, ಮೇಲಿನ ಭಾರವಾದ ಅಲಗು ಬಂದ ದಾರಿಯಲ್ಲೇ ಹೋಗುತ್ತೇನೆ ಎನ್ನುತ್ತದೆ, ಗಾಡಿ ಮಗುಚುತ್ತದೆ. ಮೂತಿ ಕೆಳಗಿಳಿಯುವ ಮೊದಲು ಪೆಡಲುಗಳನ್ನು ನೇರ ಮಾಡಿಕೊಳ್ಳಲು ಸಿಗುವುದು ಅರ್ಧ ಸೆಕೆಂಡು. ಅವಳ ಕಾಲಿಗೆ ಆ ಅರ್ಧ ಸೆಕೆಂಡು ಸಾಕಿತ್ತು. ಕಲಿಯುವವರ ಕಾಲಿಗೆ ಸಾಲುತ್ತಿರಲಿಲ್ಲ.

ಎರಡು ವರ್ಷದಲ್ಲಿ ಮೂರು ಗಾಡಿ ಮಗುಚಿದ್ದವು. ಮೂರನೆಯದರಲ್ಲಿದ್ದವರು ಒಬ್ಬ ಹಲ್ಲಿನ ಡಾಕ್ಟರಮ್ಮ. ಒಬ್ಬರೇ ಹಾರತೊಡಗಿದ ಆರನೇ ದಿನ ಮಗುಚಿ ಹೆಗಲ ಮೂಳೆ ಮುರಿದುಕೊಂಡರು. ಅಣ್ಣ ಮೂರಕ್ಕೂ ರಿಜಿಸ್ಟರಿನಲ್ಲಿ ಒಂದೇ ಸಾಲು ಬರೆದ: ಕಲಿಯುವವರ ತಪ್ಪು.

“ಚಕ್ರವನ್ನ ಪೆಡಲಿನಿಂದ ಬಿಡಿಸಿಬಿಡೋಣ ಅಣ್ಣ,” ಎಂದು ಅವಳು ಪ್ರತಿ ಸಲವೂ ಹೇಳಿದ್ದಳು. “ತನ್ನಷ್ಟಕ್ಕೆ ತಾನು ತಿರುಗೋ ಹಾಗೆ ಇರಲಿ. ಗಾಡಿ ಹೋಗೋ ಕಡೆಗೆ ಅದೇ ನೇರ ಆಗತ್ತೆ. ತಿರುಗಿಸೋದಕ್ಕೆ ಹಿಂದಿನ ಎರಡು ಚಕ್ರಕ್ಕೆ ಬೇರೆ ಬೇರೆ ಬ್ರೇಕು ಕೊಡೋಣ.”

“ಆಸ್ಪತ್ರೆ ಮಂಚದ ಚಕ್ರ ತಂದು ನನ್ನ ಗಾಡಿಗೆ ಹಾಕು ಅಂತೀಯಲ್ಲ ಪುಟ್ಟಿ!” ಐವತ್ತೇಳಾದರೂ ಅವನಿಗೆ ಅವಳು ಪುಟ್ಟಿಯೇ. “ವೇಗದಲ್ಲಿ ಗಡಗಡ ಅಂತ ನಡುಗತ್ತೆ ಅದು. ನಡುಗಿ ಮುರಿದರೆ ಯಾರು ಹೊಣೆ?”

ನಡುಗುವ ಮಾತು ಸುಳ್ಳಲ್ಲ. ಅದು ಅವಳಿಗೂ ಗೊತ್ತಿತ್ತು. ಹಾಗಾಗಿ ಅವಳು ನಕ್ಷೆಯ ಮೇಲೆ ನಕ್ಷೆ ಬರೆದು, ಚಕ್ರದ ಕತ್ತಿಗೆ, ಅಂದರೆ ಅದು ತಿರುಗುವ ಕೀಲಿಗೆ, ಬಿಗಿಯಾದ ಉಜ್ಜುಬಿಲ್ಲೆಗಳನ್ನು ಹಾಕಿ ನಡುಕ ತಡೆಯುವ ದಾರಿ ಹುಡುಕುತ್ತಿದ್ದಳು. ಅಣ್ಣ ಆ ಕಾಗದಗಳ ಮೇಲೆ ಟೀ ಲೋಟ ಇಡುತ್ತಿದ್ದ. ಬೇಕೆಂತಲೇ ಅಲ್ಲ, ಅವು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ.

ಆ ವರ್ಷ ಗಾಳಿಯ ದಿನಗಳು ಬೇಗ ಶುರುವಾದವು. ಇನ್ನೊಬ್ಬ ತರಬೇತುದಾರ ಕೆಲಸ ಬಿಟ್ಟು ಹೋಗಿದ್ದ. ಅವನ ಪಾಠಗಳೂ ಅವಳ ತಲೆಗೇ ಬಂದವು. ದಿನಕ್ಕೆ ಐದು ಪಾಠ, ಕೆಲವು ದಿನ ಆರು. ಹಿಂದಿನ ಸೀಟಿನಲ್ಲಿ ಕೂತು, ಮುಂದಿರುವವರ ಕೈ ಎಲ್ಲಿ ತಪ್ಪುತ್ತದೋ ಎಂದು ಕಾಯುತ್ತಾ, ತಪ್ಪಿದರೂ ಕೂಡಲೇ ಹಿಡಿಯದೆ, ಹಿಡಿಯದೆಯೂ ಇರದೆ ಕಳೆಯುವ ಗಂಟೆಗಳವು. ಮಾಡುವ ಕೆಲಸಕ್ಕಿಂತ ತಡೆದುಕೊಳ್ಳುವ ಕೆಲಸ ಮೈಯನ್ನು ಹೆಚ್ಚು ಹಿಂಡುತ್ತದೆ. ಸಂಜೆ ಬಸ್ಸಿನಲ್ಲಿ ಕೂತರೆ ಅವಳ ಕಾಲುಗಳು ಇಲ್ಲದ ಪೆಡಲನ್ನು ಒತ್ತುತ್ತಿದ್ದವು. ಎರಡು ಸಲ ಇಳಿಯುವ ಸ್ಟಾಪು ದಾಟಿ ಹೋಗಿ, ಕೊನೆಯ ನಿಲ್ದಾಣದಲ್ಲಿ ಕಂಡಕ್ಟರು ಎಬ್ಬಿಸಿದ್ದ. ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರು. “ನಮ್ಮ ಡಿಪೋದ ಗಾಡಿಗಳಿಗೂ ವಾರಕ್ಕೊಂದು ದಿನ ರೆಸ್ಟು ಕೊಡ್ತೀವಮ್ಮ. ನಿಮ್ಮಣ್ಣನ ಹತ್ರ ಆ ರೂಲ್ಸ್ ಇಲ್ವಾ?” ಎನ್ನುತ್ತಿದ್ದ. ಅವಳು ನಗುತ್ತಿದ್ದಳು. ನಗಲು ಬೇಕಾದಷ್ಟು ಶಕ್ತಿ ಇನ್ನೂ ಉಳಿದಿತ್ತು.

ಅದು ನಡೆದದ್ದು ಒಂದು ಸಂಜೆ, ಐದರ ಹೊತ್ತಿಗೆ. ಐದು ಪಾಠ ಮುಗಿದಿತ್ತು. ಒಂದು ಗಾಡಿಯ ಬ್ರೇಕಿನ ಕೇಬಲ್ಲು ಬದಲಾಯಿಸಿದ್ದಳು. ಒಂದು ಸುತ್ತು ಹಾರಿ ನೋಡಿಬಿಡೋಣ ಎಂದು ಒಬ್ಬಳೇ ಹೊರಟಳು. ಮೇಲೆ ಹೋಗುವಾಗ ಗಾಳಿ ಸುಮಾರಾಗಿತ್ತು. ತಿರುಗಿ ಬರುವಷ್ಟರಲ್ಲಿ ಗಾಳಿಚೀಲ ಕೋಲಿನಂತೆ ಸೆಟೆದು ರನ್‌ವೇಗೆ ಪೂರಾ ಅಡ್ಡಕ್ಕೆ ನಿಂತಿತ್ತು. ಅವಳಿಗೆ ಅದೇನು ಹೊಸದಲ್ಲ. ಎದುರುಗಾಳಿ ಅಷ್ಟು ಜೋರಾಗಿದ್ದರೆ ಜೈರೋಗೆ ರನ್‌ವೇಯ ಉದ್ದವೇ ಬೇಡ. ಅವಳು ಗಾಳಿಗೆ ಮುಖ ಮಾಡಿ, ರನ್‌ವೇಯನ್ನು ಅಡ್ಡಡ್ಡವಾಗಿ ಹಿಡಿದು ಬಂದಳು. ಕೊನೆಯಲ್ಲಿ ಕೋಲನ್ನು ನಿಧಾನಕ್ಕೆ ಹಿಂದಕ್ಕೆ ತಂದಳು. ಗಾಡಿ ಒಂದು ಕ್ಷಣ ಗಾಳಿಯಲ್ಲಿ ನಿಂತೇ ಬಿಟ್ಟ ಹಾಗಾಗಿ, ಹಿಂದಿನ ಎರಡು ಚಕ್ರಗಳನ್ನು ನೆಲಕ್ಕಿಟ್ಟು ಮೂರು ಮಾರು ಉರುಳಿ ನಿಂತಿತು. ಹೂವು ಇಟ್ಟ ಹಾಗೆ. ಜೀವಮಾನದ ಒಳ್ಳೆಯ ಇಳಿತಗಳಲ್ಲಿ ಅದೂ ಒಂದು. ನೋಡಲು ಯಾರೂ ಇರಲಿಲ್ಲ.

ಕೋಲನ್ನು ಮುಂದಕ್ಕೆ ಒತ್ತಿದಳು. ಅಲಗು ಇನ್ನೂ ಜೋರಾಗಿಯೇ ತಿರುಗುತ್ತಿತ್ತು. ಕಾಯಬೇಕು. ಶೆಡ್ಡು ಅವಳ ಬೆನ್ನ ಹಿಂದೆ, ಬಲಕ್ಕೆ. ಮಂಡಿ ನೋಯುತ್ತಿತ್ತು. ಐದೂವರೆಯ ಬಸ್ಸು ತಪ್ಪಿದರೆ ಮುಂದಿನದು ನಿಂತುಕೊಂಡೇ ಹೋಗಬೇಕು ಎಂಬುದು ನೆನಪಾಯಿತು. ಅಷ್ಟೇ. ಅದಕ್ಕಿಂತ ದೊಡ್ಡ ಯೋಚನೆ ಏನೂ ಇರಲಿಲ್ಲ. ಅವಳ ಕಾಲು ಬಲ ಪೆಡಲನ್ನು ಒತ್ತಿತು, ಎಡಗೈ ಇಂಜಿನ್ನಿಗೆ ಒಂದಿಷ್ಟು ವೇಗ ಕೊಟ್ಟಿತು, ಗಾಡಿ ಶೆಡ್ಡಿನ ಕಡೆ ತಿರುಗತೊಡಗಿತು.

ಮೂತಿ ತಿರುಗಿತು, ಕೋಲು ಮಾತ್ರ ಮುಂದಕ್ಕೇ ಇತ್ತು. ಗಾಳಿ ಈಗ ಎಡ ಪಕ್ಕದಿಂದ, ಆಮೇಲೆ ಹಿಂದಿನಿಂದ ಬಂದು, ಮುಂದಕ್ಕೆ ಬಾಗಿದ್ದ ಅಲಗಿನ ತಟ್ಟೆಯ ಕೆಳಗೆ ಕೈ ಹಾಕಿತು. ಎಡ ಚಕ್ರ ನೆಲ ಬಿಟ್ಟದ್ದು ಅವಳಿಗೆ ತಿಳಿಯಿತು. ಕೋಲನ್ನು ಎಡಕ್ಕೆ ಎಳೆದಳು. ತಡವಾಗಿತ್ತು. ಗಾಡಿ ಬಲಕ್ಕೆ ಮಗುಚಿತು, ಅಲಗು ಟಾರಿಗೆ ಬಡಿದು ಚೂರಾಯಿತು, ಜಗತ್ತು ಒಂದು ಸಲ ಜೋರಾಗಿ ಅದುರಿ ಸುಮ್ಮನಾಯಿತು.

ಬೆಲ್ಟಿನಲ್ಲಿ ಅಡ್ಡಕ್ಕೆ ನೇತುಬಿದ್ದು ಅವಳು ಮೊದಲು ಇಂಜಿನ್ನಿನ ಸ್ವಿಚ್ಚು ಆರಿಸಿದಳು. ಆಮೇಲೆ ಬಲಗೈಯ ಮಣಿಕಟ್ಟು ಇರಬೇಕಾದ ಹಾಗೆ ಇಲ್ಲ ಎಂದು ಕಂಡಿತು. ಅಳು ಬರಲಿಲ್ಲ. ನಿದ್ದೆ ಬಂದ ಹಾಗಾಯಿತು.

ಅಣ್ಣ ಓಡಿ ಬಂದ. ಅರುವತ್ತೊಂದರ ಮನುಷ್ಯ ಅಷ್ಟು ದೂರ ಓಡಿದ್ದನ್ನು ಯಾರೂ ನೋಡಿರಲಿಲ್ಲ. ಬೆಲ್ಟು ಕತ್ತರಿಸಿ, ಎಳೆದು, ಹುಲ್ಲಿನ ಮೇಲೆ ಕೂರಿಸಿ, ತಲೆ, ಕತ್ತು, ಬೆನ್ನು ಎಲ್ಲ ಮುಟ್ಟಿ ಮುಟ್ಟಿ ನೋಡಿದ. ಆಮೇಲೆ ಬಿದ್ದ ಗಾಡಿಯ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ. ಮುಂದಿನ ಚಕ್ರ ಬಲಕ್ಕೆ ಪೂರ್ತಿ ತಿರುಗಿಕೊಂಡಿತ್ತು.

“ಪುಟ್ಟಿ,” ಎಂದ. “ನೀನು ಹೇಳಿದ್ದೇ ಆಯ್ತು. ನಿನ್ನ ಕೈಯಲ್ಲೇ ಮಗುಚಿತು ಅಂದಮೇಲೆ ಇನ್ನು ಯಾರನ್ನ ಅನ್ನಲಿ? ಚಕ್ರ ಬದಲಾಯಿಸ್ತೀನಿ. ಐದಕ್ಕೂ ಬದಲಾಯಿಸ್ತೀನಿ. ನಿನ್ನ ನಕ್ಷೆ ಹೇಗಿದೆಯೋ ಹಾಗೇ.”

ಎರಡು ವರ್ಷ ಅವಳು ಕಾದ ಮಾತು ಅದು. ಅವಳು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ಕೈ ನೋಯುತ್ತಿತ್ತು.

ಆಸ್ಪತ್ರೆಯಲ್ಲಿ ಮಣಿಕಟ್ಟಿಗೆ ಪ್ಲಾಸ್ಟರು ಹಾಕಿದರು, ಎರಡು ಪಕ್ಕೆಲುಬಿಗೆ ಪಟ್ಟಿ ಸುತ್ತಿದರು. ಮೂರನೇ ದಿನ ಮನೆಗೆ ಬಂದಳು. ಗಂಡ ರಜೆ ಹಾಕಿ ಅಡುಗೆ ಮಾಡಿದ. ಉಪ್ಪು ಒಂದು ಹೊತ್ತು ಹೆಚ್ಚು, ಒಂದು ಹೊತ್ತು ಇಲ್ಲವೇ ಇಲ್ಲ. ಅವಳ ತಲೆ ಬಾಚಲು ಹೋಗಿ ಗಂಟು ಹಾಕಿ ಕೂತ. ಅವನ ಕೈಗೆ ತಲೆ ಕೊಟ್ಟು ಕೂತಿರುವಾಗಲೇ ಅವಳು ಹೇಳಿದ್ದು.

“ರೀ, ಅದು ಚಕ್ರದಿಂದ ಆಗಿದ್ದಲ್ಲ.”

ಬಾಚಣಿಗೆ ನಿಂತಿತು.

“ಇಳಿದು ನಿಂತಾಗಿತ್ತು. ನಾನೇ ಅಲಗು ನಿಲ್ಲೋ ಮುಂಚೆ ತಿರುಗಿಸಿದೆ. ಚಕ್ರ ತಿರುಗಿದ್ದದ್ದು ಅದಕ್ಕೇ. ಯಾವ ಚಕ್ರ ಇದ್ದಿದ್ರೂ ಮಗುಚ್ತಿತ್ತು.”

ಗಂಡ ಒಂದು ಗಂಟನ್ನು ಬೆರಳಿನಿಂದಲೇ ಬಿಡಿಸಿದ. “ನಾಡಿದ್ದು ವಿಮಾನ ಇಲಾಖೆಯವರು ವಿಚಾರಣೆಗೆ ಬರ್ತಾರಲ್ಲ, ಅವರಿಗೆ ಏನು ಹೇಳ್ತೀಯ?”

“ಅದನ್ನೇ ಯೋಚಿಸ್ತಿದೀನಿ.”

“ನೋಡು, ನನಗೆ ನಿಮ್ಮ ವಿಮಾನದ ವಿಷಯ ತಿಳಿಯಲ್ಲ. ಚಕ್ರ ಬದಲಾಗಬೇಕು ಅಂತ ನೀನೇ ಅಲ್ವಾ ತಲೆ ಚಚ್ಚಿಕೊಂಡಿದ್ದು? ಈಗ ತಾನಾಗೇ ಆಗ್ತಿದೆ. ಸುಮ್ಮನಿದ್ದುಬಿಟ್ರೆ ಯಾರಿಗೇನು ನಷ್ಟ?”

ಅದೇ ಮಾತನ್ನು ಅವಳು ತನಗೆ ತಾನೇ ಆಸ್ಪತ್ರೆಯ ಮಂಚದ ಮೇಲೆ ನೂರು ಸಲ ಹೇಳಿಕೊಂಡಿದ್ದಳು. ಸುಮ್ಮನಿದ್ದರೆ ಚಕ್ರ ಬದಲಾಗುತ್ತದೆ, ಮುಂದೆ ಯಾರದೋ ಹೆಗಲು ಉಳಿಯುತ್ತದೆ, ಅವಳ ಹೆಸರೂ ಉಳಿಯುತ್ತದೆ. ನಿಜ ಹೇಳಿದರೆ ಅಣ್ಣ ಮತ್ತೆ ಹಳೆಯ ಸಾಲನ್ನೇ ಬರೆಯುತ್ತಾನೆ.

“ಹೊಸ ಚಕ್ರ ಹಾಕಿದ ಮೇಲೆ,” ಎಂದಳು ನಿಧಾನವಾಗಿ, “ಇನ್ನು ಮಗುಚಲ್ಲ ಅಂತ ಎಲ್ರೂ ನಂಬ್ತಾರೆ. ರಿಜಿಸ್ಟರಲ್ಲೂ ಹಾಗೇ ಇರತ್ತೆ. ಒಂದು ದಿನ ಯಾರೋ ನನ್ನ ಹಾಗೇ ಸುಸ್ತಾಗಿ, ಇಳಿದೆನಲ್ಲ ಅಂತ ತಿರುಗಿಸ್ತಾರೆ. ಆಗ?”

“ಅದನ್ನ ಪಾಠದಲ್ಲಿ ಹೇಳೇ ಹೇಳ್ತೀಯಲ್ಲ.”

“ಹೇಳೋಳಿಗೇ ಆಯ್ತು ಅಂತ ಗೊತ್ತಾದ್ರೆ ತಾನೇ ಅವರು ಹೆದರೋದು?”

ಗಂಡ ಬಾಚಣಿಗೆ ಕೆಳಗಿಟ್ಟ. “ನಿನ್ನ ತಲೆ ನನ್ನ ಕೈಲಿ ಆಗಲ್ಲ,” ಎಂದ. ಯಾವ ಅರ್ಥದಲ್ಲಿ ಎಂದು ಅವಳು ಕೇಳಲಿಲ್ಲ.

ಇಲಾಖೆಯ ಅಧಿಕಾರಿ ಸಣಕಲು ಮನುಷ್ಯ, ಭಾರಿ ನೆಗಡಿ. ಆಫೀಸು ಕೋಣೆಯಲ್ಲಿ ಕೂತು ಮೂಗೊರೆಸಿಕೊಳ್ಳುತ್ತಾ ಬರೆದುಕೊಳ್ಳುತ್ತಿದ್ದ. ಅಣ್ಣ ಎಲ್ಲ ಮೊದಲೇ ಹೇಳಿ ಮುಗಿಸಿದ್ದ: ಅಡ್ಡಗಾಳಿ, ತಿರುಗಿದ ಚಕ್ರ, ವಿನ್ಯಾಸದ ದೋಷ, ಬದಲಾಯಿಸುತ್ತೇನೆ. ತನ್ನ ಗಾಡಿಯ ತಪ್ಪನ್ನು ಪರರ ಮುಂದೆ ಒಪ್ಪಿಕೊಳ್ಳುವುದು ಅವನ ಪಾಲಿಗೆ ಸಣ್ಣ ಮಾತಲ್ಲ; ಅವನ ಕಿವಿ ಕೆಂಪಾಗಿತ್ತು.

“ನೀವೂ ಹಾಗೇ ಹೇಳ್ತೀರಾ ಮೇಡಂ?”

“ಇಲ್ಲ ಸರ್,” ಎಂದಳು. ಹೇಳಿದ ಮೇಲೆ ಮೈ ಹಗುರಾಗುತ್ತದೆ ಅಂದುಕೊಂಡಿದ್ದಳು. ಏನೂ ಆಗಲಿಲ್ಲ. ಇಳಿದದ್ದು, ನಿಂತದ್ದು, ಮಂಡಿ ನೋವು, ಐದೂವರೆಯ ಬಸ್ಸು, ಕೋಲು ಮುಂದಕ್ಕೇ ಇದ್ದದ್ದು, ಒಂದೊಂದಾಗಿ ಹೇಳಿದಳು. ಅಧಿಕಾರಿ ಬರೆಯುವುದನ್ನು ನಿಲ್ಲಿಸಿ ಅವಳ ಮುಖ ನೋಡಿದ. ಅಣ್ಣ ಕಿಟಕಿಯ ಕಡೆ ತಿರುಗಿಕೊಂಡ.

“ಅಂದ್ರೆ ಚಕ್ರದಲ್ಲಿ ದೋಷ ಇಲ್ಲ?”

“ಇದೆ ಸರ್. ನಾನು ಬಿದ್ದದ್ದು ಅದರಿಂದ ಅಲ್ಲ. ಆದ್ರೆ ಹಿಂದಿನ ಮೂರೂ ಅದರಿಂದಲೇ.”

“ಆ ಮೂರು ಕಲಿಯುವವರ ತಪ್ಪು ಅಂತ ಇದೆಯಲ್ಲ ಇಲ್ಲಿ?”

ಅವಳು ಎಡಗೈಯಲ್ಲಿ ಡ್ರಾಯರು ಎಳೆದು ನಾಲ್ಕು ಫೋಟೋ ಮೇಜಿನ ಮೇಲಿಟ್ಟಳು. ಪ್ರತಿ ಸಲ ಮಗುಚಿದ ಗಾಡಿ ಎತ್ತುವ ಮೊದಲು ರನ್‌ವೇ ಮೇಲಿನ ಟೈರಿನ ಗುರುತನ್ನು ಅಳತೆಪಟ್ಟಿ ಇಟ್ಟು ಅವಳು ತೆಗೆಸಿದ ಫೋಟೋಗಳವು. ನಾಲ್ಕನೆಯದನ್ನು ಆಸ್ಪತ್ರೆಗೆ ಹೊರಡುವ ಮೊದಲು ಅವಳೇ ಹಟ ಹಿಡಿದು ತೆಗೆಸಿದ್ದಳು. ಮೊದಲ ಮೂರರಲ್ಲಿ ಮುಂದಿನ ಟೈರು ಮುಟ್ಟಿದ ಜಾಗದಿಂದಲೇ ದಪ್ಪನೆಯ ಕಪ್ಪು ಗೀಟು ಓರೆಯಾಗಿ ಎದ್ದಿತ್ತು. ಚಕ್ರ ತಿರುಗಿಕೊಂಡೇ ನೆಲ ಮುಟ್ಟಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾಲ್ಕನೆಯದರಲ್ಲಿ ಗೀಟೇ ಇಲ್ಲ.

“ಇದನ್ನ ಇಷ್ಟು ದಿನ ಯಾಕೆ ಕಳಿಸಲಿಲ್ಲ?”

ಅವಳು ಕಿಟಕಿಯ ಬಳಿಯಿದ್ದವನ ಬೆನ್ನು ನೋಡಿದಳು. “ಅಣ್ಣ ಸರ್,” ಎಂದಳು. “ಇವತ್ತಲ್ಲ ನಾಳೆ ಅವನೇ ಒಪ್ತಾನೆ ಅಂದ್ಕೊಂಡಿದ್ದೆ.”

ಅಧಿಕಾರಿ ನಾಲ್ಕೂ ಫೋಟೋಗಳನ್ನು ಬಹಳ ಹೊತ್ತು ನೋಡಿದ. “ನಿಮ್ಮದು ನಿಮ್ಮದೇ ತಪ್ಪು ಅಂತ ಹೇಳದೇ ಇದ್ದಿದ್ರೆ,” ಎಂದು ಮೂಗೊರೆಸಿಕೊಂಡು, “ಈ ಮೂರನ್ನ ನಾನು ನಂಬೋದು ಕಷ್ಟ ಇತ್ತು ಮೇಡಂ,” ಎಂದ.

ಹದಿನೈದು ದಿನಕ್ಕೆ ಆದೇಶ ಬಂತು. ಮುಂದಿನ ಚಕ್ರ ಬದಲಾಗುವವರೆಗೆ ಅಡ್ಡಗಾಳಿಯಲ್ಲಿ ಕಲಿಯುವವರು ಹಾರುವಂತಿಲ್ಲ. ಅವಳ ತರಬೇತಿ ಪರವಾನಗಿ ಆರು ತಿಂಗಳು ಅಮಾನತು. ಆಮೇಲೆ ಮತ್ತೆ ಪರೀಕ್ಷೆ.

ಅಣ್ಣ ಮಾತು ಬಿಟ್ಟ. ಜಗಳವಾಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಇದು ಹಾಗಲ್ಲ, ಒಂದೇ ಶೆಡ್ಡಿನಲ್ಲಿ, ಒಂದೇ ಬೆಂಚಿನ ಆ ತುದಿ ಈ ತುದಿಯಲ್ಲಿ ಕೆಲಸ ಮಾಡುತ್ತಾ, ಸ್ಪ್ಯಾನರು ಬೇಕಾದರೆ ಅವಳನ್ನು ಸುತ್ತಿಕೊಂಡು ಹೋಗಿ ತೆಗೆದುಕೊಳ್ಳುತ್ತಿದ್ದ. ತಾನು ಒಪ್ಪಿಕೊಂಡ ಮೇಲೂ ತಂಗಿ ಬೇರೆಯವರ ಮುಂದೆ ಹಿಂದಿನ ಮೂರನ್ನು ಬಿಚ್ಚಿಟ್ಟಳಲ್ಲ ಎಂಬುದು ಅವನ ನೋವು. ಅವನು ಹೇಳದಿದ್ದರೂ ಅವಳಿಗೆ ಗೊತ್ತಿತ್ತು. ಅದು ಪೂರ್ತಿ ತಪ್ಪು ನೋವು ಅಂತಲೂ ಅವಳಿಗೆ ಅನ್ನಿಸಲಿಲ್ಲ.

ಅವಳು ಎಡಗೈಯಲ್ಲೇ ಹೊಸ ಚಕ್ರದ ಕತ್ತು ಸಿದ್ಧ ಮಾಡತೊಡಗಿದಳು. ಜೋಡಿಸಿ, ಗಾಡಿಯನ್ನು ಜೀಪಿನ ಹಿಂದೆ ಕಟ್ಟಿ ಎಳೆಸಿ ನೋಡಿದಳು. ಅಣ್ಣ ಅಂದದ್ದೇ ಸರಿ: ವೇಗ ಏರಿದ ಕೂಡಲೇ ಚಕ್ರ ಚಳಿಜ್ವರ ಬಂದವರ ಹಾಗೆ ಗಡಗಡ ನಡುಗಿತು. ಬಿಲ್ಲೆ ಬಿಗಿ ಮಾಡಿದರೆ ತಿರುಗುವುದಿಲ್ಲ, ಸಡಿಲ ಮಾಡಿದರೆ ನಡುಗುತ್ತದೆ. ಹತ್ತು ದಿನ ಹೀಗೇ ಹೋಯಿತು. ಹನ್ನೊಂದನೇ ದಿನ ಬೆಂಚಿನ ಮೇಲೆ ಬಿಲ್ಲೆ ಉಜ್ಜುತ್ತಾ ಎಡಗೈ ಸೋತು ಅರ ಕೆಳಗೆ ಬಿತ್ತು. ಬಗ್ಗಲು ಪಕ್ಕೆಲುಬು ಬಿಡುತ್ತಿರಲಿಲ್ಲ. ಅವಳು ಬಿದ್ದ ಅರವನ್ನು ನೋಡುತ್ತಾ ಸುಮ್ಮನೆ ಕೂತಳು.

ಒಂದು ಕೈ ಬಂದು ಅದನ್ನೆತ್ತಿತು.

“ಬಿಲ್ಲೆ ತಪ್ಪಲ್ಲ,” ಎಂದ ಅಣ್ಣ, ಅವಳ ಮುಖ ನೋಡದೆ. “ಚಕ್ರ ಕತ್ತಿಗೆ ತುಂಬಾ ಹತ್ರ ಇದೆ. ಇನ್ನೂ ಎರಡು ಬೆರಳು ಹಿಂದಕ್ಕೆ ತಳ್ಳು. ಬಿಲ್ಲೆನ ಅರ್ಧ ಬಿಗಿ ಮಾಡಿದ್ರೆ ಸಾಕು.”

“ಮೊದಲೇ ಹೇಳಬಾರದಿತ್ತಾ?”

“ಮಾತಾಡ್ತಿರಲಿಲ್ಲವಲ್ಲ ನಾನು.”

ಅವಳಿಗೆ ನಗು ಬಂದು ಪಕ್ಕೆಲುಬು ಚುಚ್ಚಿತು. ಅವನು ನಗಲಿಲ್ಲ. ಅರ ಹಿಡಿದು ಉಜ್ಜತೊಡಗಿದ. ಸ್ವಲ್ಪ ಹೊತ್ತಿನ ಮೇಲೆ ಕೆಲಸದ ಮೇಲೇ ಕಣ್ಣಿಟ್ಟು, “ಆ ಹಲ್ಲಿನ ಡಾಕ್ಟರಮ್ಮಂಗೆ ಅವತ್ತು ನಾನು ಏನಂದೆ ಗೊತ್ತಾ? ಸ್ಟ್ರೆಚರ್ ಮೇಲಿದ್ರು. ‘ನಿಮ್ಮ ಕಾಲು ಭಾರ, ಇದು ನಿಮಗಲ್ಲ’ ಅಂದುಬಿಟ್ಟೆ,” ಎಂದ.

“ಹೋಗಿ ಒಂದು ಮಾತು ಹೇಳಿ ಬಾ.”

“ನೀನೇ ಫೋನ್ ಮಾಡಿಬಿಡು.”

“ಅಂದದ್ದು ನೀನು. ಹೋಗಬೇಕಾದೋನೂ ನೀನೇ.”

ಎರಡು ದಿನ ಬಿಟ್ಟು ಹೋದ. ತಿರುಗಿ ಬಂದಾಗ ಅವನ ಒಂದು ಕೆನ್ನೆ ಬನ್ನಿನ ಹಾಗೆ ಊದಿತ್ತು, ಬಾಯಿಯಲ್ಲಿ ಹತ್ತಿ. ಕ್ಷಮೆ ಕೇಳಲು ಬಾಯಿ ತೆರೆದಾಗ ಡಾಕ್ಟರಮ್ಮ ಮಾತಿಗಿಂತ ಮೊದಲು ದವಡೆಯ ಹಲ್ಲು ನೋಡಿದರಂತೆ. “ಎಷ್ಟು ವರ್ಷದಿಂದ ಹೀಗೇ ಬಿಟ್ಟಿದೀರಿ ಇದನ್ನ?” ಎಂದು ಗದರಿ, ಕುರ್ಚಿಯಲ್ಲಿ ಮಲಗಿಸಿ, ಕಿತ್ತೇ ಬಿಟ್ಟರಂತೆ.

“ಕ್ಷಮೆ ಕೇಳಿದ್ಯಾ?”

“ಕೇಳಿದೆ,” ಎಂದ ಹತ್ತಿಯ ಸಂದಿಯಿಂದ. “ಬಾಯಿ ಮರಗಟ್ಟಿತ್ತು. ಅರ್ಥ ಆಯ್ತೋ ಇಲ್ವೋ.”

ಅರ್ಥ ಆಗಿತ್ತು. ಎರಡು ತಿಂಗಳ ನಂತರ, ಬಿದ್ದದ್ದೂ ರಿಪೇರಿಯಾಗಿ, ಐದೂ ಗಾಡಿಗಳ ಚಕ್ರ ಬದಲಾಗಿ, ಇಲಾಖೆಯವರು ನೋಡಿ ಒಪ್ಪಿದ ಮೇಲೆ, ಡಾಕ್ಟರಮ್ಮ ಮತ್ತೆ ಬಂದರು. ಹಿಂದಿನ ಸೀಟಿನಲ್ಲಿ ಅಣ್ಣ ಕೂತ. ಅವಳು ರನ್‌ವೇಯ ಅಂಚಿನಲ್ಲಿ ನಿಂತಳು. ಗಾಳಿ ಓರೆಯಾಗಿ ಬೀಸುತ್ತಿತ್ತು, ಆಗಾಗ ಒಂದು ರಭಸ. ಗಾಡಿ ಏಡಿಯ ಹಾಗೆ ಪಕ್ಕಕ್ಕೆ ವಾಲಿಕೊಂಡು ಬಂತು. ಅಯ್ಯೋ, ಪೆಡಲು ನೇರ ಮಾಡಿಲ್ಲ ಎಂದು ಅವಳಿಗೆ ಇಲ್ಲಿಂದಲೇ ಕಂಡಿತು. ಅವಳ ಬಲಗಾಲು ತಾನೇ ನೆಲ ಒತ್ತಿತು. ಹಿಂದಿನ ಚಕ್ರ ಮುಟ್ಟಿತು. ಮುಂದಿನದು ಮುಟ್ಟಿ, ಒಂದು ಸಲ ಕತ್ತು ಹೊರಳಿಸಿ, ಹೋಗುತ್ತಿದ್ದ ದಿಕ್ಕಿಗೆ ನೇರವಾಯಿತು. ಗಾಡಿ ಸ್ವಲ್ಪ ತೂರಾಡಿ, ನಿಧಾನಕ್ಕೆ ಗಾಳಿಯ ಕಡೆ ಮೂತಿ ಹೊರಳಿಸಿ ನಿಂತಿತು. ಆಮೇಲೆ ಯಾರೂ ಅಲ್ಲಾಡಲಿಲ್ಲ. ಮೂತಿ ಗಾಳಿಗೆ, ಕೋಲು ಗಾಳಿಗೆ. ಅಲಗು ಪೂರ್ತಿ ನಿಂತ ಮೇಲೆಯೇ ಡಾಕ್ಟರಮ್ಮ ಹೆಲ್ಮೆಟ್ಟು ತೆಗೆದರು.

ಅಮಾನತಿನ ಆರು ತಿಂಗಳು ಮುಗಿದ ವಾರ ಅಣ್ಣ ಪರೀಕ್ಷೆಯ ಅರ್ಜಿಯನ್ನು ತಾನೇ ತುಂಬಿಸಿ ತಂದ. ಸಹಿಯೊಂದು ಬಾಕಿ. ಮಣಿಕಟ್ಟು ಕೂಡಿಕೊಂಡಿತ್ತು, ಗಾಳಿಯ ದಿನ ಮಾತ್ರ ಒಂದಿಷ್ಟು ನೋಯುತ್ತಿತ್ತು. ಅವಳು ಅರ್ಜಿ ಓದಿ ಮಡಿಚಿ ವಾಪಸ್ಸು ಕೊಟ್ಟಳು.

“ಬೇಡ ಅಣ್ಣ.”

“ಹೆದರಿಕೆನಾ?”

“ಹೆದರಿಕೆ ಆಗಿದ್ರೆ ಮತ್ತೆ ಗಾಡಿ ಹತ್ತಿ ಅದನ್ನ ಬಿಡಿಸ್ಕೋತಿದ್ದೆ. ಸುಸ್ತು. ಅವತ್ತಿನದಲ್ಲ, ಹಳೇದು. ಅವತ್ತು ಅದು ನನ್ನ ಕೈಯಿಂದ ಗಾಡಿ ಓಡಿಸಿತು. ಇನ್ನೊಂದು ದಿನ ಮುಂದಿನ ಸೀಟಲ್ಲಿ ಬೇರೆ ಯಾರೋ ಇರ್ತಾರೆ.”

“ಹಾಗಾದ್ರೆ ಇನ್ನು ಬರೋದೇ ಇಲ್ವಾ?” ಅಣ್ಣನ ದನಿಯಲ್ಲಿ ಹಜಾರದ ಅಂಗಡಿಯ ಕಾಲದ ಹುಡುಗ ಇಣುಕಿದ.

“ಬರ್ತೀನಿ. ಬೆಳಿಗ್ಗೆ ನೆಲದ ಪಾಠ, ಮಧ್ಯಾಹ್ನ ಚಕ್ರ. ಮೂರು ಗಂಟೆಗೆ ಹೊರಡ್ತೀನಿ. ಹಿಂದಿನ ಸೀಟಿಗೆ ಇನ್ನೊಬ್ಬರನ್ನ ನೋಡು.”

ಅವನು ಅರ್ಜಿಯನ್ನು ಜೇಬಿಗೆ ಹಾಕಿಕೊಂಡು ಸುಮ್ಮನೆ ಅವಳ ಪಕ್ಕ ಬೆಂಚಿನ ಮೇಲೆ ಕೂತ. ಹೊರಗೆ ಯಾರೋ ಇಂಜಿನ್ನು ಬಿಸಿ ಮಾಡುತ್ತಿದ್ದರು. ಇಬ್ಬರೂ ಕಿವಿಗೊಟ್ಟು ಕೇಳಿದರು. ಒಂದು ಸಿಲಿಂಡರು ಸರಿಯಾಗಿ ಹೊಡೆಯುತ್ತಿಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು. ಅವಳು ಏಳಲು ಹೋದಳು. “ಕೂತ್ಕೋ,” ಎಂದು ಅಣ್ಣನೇ ಮಂಡಿಗೆ ಕೈ ಊರಿ ಎದ್ದ.